ಕಣದ ರಾಗಿ, ಅಟ್ಟದ ಕಾಯಿ: ಸಿದ್ಧಗಂಗೆಯ ಪ್ರಸಾದನಿಲಯದ ಒಂದು ವರ್ಷ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಕಲ್ಪತರು ನಾಡೆಂದು ಕರೆಯುವುದು ವಾಡಿಕೆಯಾದರೂ, ಈ ಸೀಮೆಯ ರೈತ ಕುಟುಂಬ ತೆಂಗೊಂದನ್ನೇ ನಂಬಿ ಬದುಕಿದ್ದಿಲ್ಲ. ಕೆರೆಯ ಹಿಂದಿನ ತಗ್ಗಿನಲ್ಲಿ ತೋಟವೂ ಊರ ಸುತ್ತಲಿನ ಕೆಂಪು ನೆಲದ ದಿಣ್ಣೆಗಳಲ್ಲಿ ರಾಗಿಯ ಹೊಲವೂ ಇದ್ದು, ತೋಟವು ಕಂದಾಯಕ್ಕೆ, ಮದುವೆಗೆ, ಬಟ್ಟೆಬರೆಗೆ ಬೇಕಾದ ಹಣವನ್ನೂ ಹೊಲವು ವರ್ಷದ ಅನ್ನವನ್ನೂ ಒದಗಿಸುತ್ತಿದ್ದವು. ಮಳೆ ಕೈಕೊಟ್ಟ ವರ್ಷ ತೆಂಗಿನ ಮರ ಹೇಗೋ ತಾಳಿಕೊಂಡರೂ ರಾಗಿ ತಾಳುತ್ತಿರಲಿಲ್ಲ. ಹಾಗಾಗಿ ಮನೆಯ ಮಗನನ್ನು ಓದಿಸುವ ಪ್ರಶ್ನೆ ಇಲ್ಲಿ ಶುಲ್ಕದ ಪ್ರಶ್ನೆಯಾಗುವ ಮೊದಲೇ ಊಟದ ಪ್ರಶ್ನೆಯಾಗಿತ್ತು. ಈ ಪ್ರಶ್ನೆಗೆ ದೊರೆತ ಬಹುದೊಡ್ಡ ಉತ್ತರವೆಂದರೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಬೆಟ್ಟದ ಬುಡದಲ್ಲಿರುವ ಸಿದ್ಧಗಂಗಾ ಮಠದ ಉಚಿತ ಪ್ರಸಾದನಿಲಯ, ಅಂದರೆ ವಿದ್ಯಾರ್ಥಿಗಳಿಗೆ ಊಟ, ವಸತಿ, ಪಾಠ ಮೂರನ್ನೂ ಹಣ ಪಡೆಯದೆ ಒದಗಿಸುವ ವಸತಿ ಶಾಲೆ. ಆ ಶಾಲೆಯ ವರ್ಷವನ್ನು ವಿದ್ಯಾ ಇಲಾಖೆಯ ವೇಳಾಪಟ್ಟಿಯ ಜೊತೆಗೆ ಸುತ್ತಲ ಸೀಮೆಯ ಬೆಳೆಯ ಪಂಚಾಂಗವೂ ನಡೆಸುತ್ತಿತ್ತೆಂಬುದನ್ನು ಗಮನಿಸದಿದ್ದರೆ ಅದರ ಇತಿಹಾಸ ಅರ್ಧ ಮಾತ್ರ ತಿಳಿಯುತ್ತದೆ.

ಮಠದಲ್ಲಿ ಉಂಡು ಕಲಿಯುವ ಪದ್ಧತಿಯ ಬೇರು ದಾಸೋಹದ ಕಲ್ಪನೆಯಲ್ಲಿದೆ. 12ನೆಯ ಶತಮಾನದ ಶರಣರು ಬಳಕೆಗೆ ತಂದ ಈ ಪದಕ್ಕೆ, ತನ್ನ ದುಡಿಮೆಯಿಂದ ಬಂದುದನ್ನು ತನ್ನದೆಂಬ ಹಮ್ಮಿಲ್ಲದೆ ಸಮಾಜಕ್ಕೆ ಸಲ್ಲಿಸುವುದು ಎಂಬ ಅರ್ಥವಿದೆ. ದುಡಿಮೆಯನ್ನು ಕಾಯಕವೆಂದೂ, ಹಾಗೆ ಸಲ್ಲಿಸಿದ ಅನ್ನವನ್ನು ಪ್ರಸಾದವೆಂದೂ ಕರೆಯಲಾಯಿತು. ಉಣ್ಣುವವನು ಭಿಕ್ಷುಕನಲ್ಲ, ನೀಡುವವನು ದಾನಿಯಲ್ಲ ಎಂಬ ನಿಲುವು ಈ ಎರಡು ಪದಗಳಲ್ಲೇ ಅಡಗಿದೆ. 15-16ನೆಯ ಶತಮಾನಗಳ ಹೊತ್ತಿಗೆ ಈ ಪರಂಪರೆ ತುಮಕೂರು ಸೀಮೆಯಲ್ಲಿ ಆಳವಾಗಿ ಬೇರೂರಿತು. ತುರುವೇಕೆರೆಗೆ ದೂರವಲ್ಲದ ಎಡೆಯೂರಿನಲ್ಲಿ ಸಮಾಧಿ ಹೊಂದಿದ ಸಿದ್ಧಲಿಂಗ ಯತಿಗಳಿಗೆ, ಕಗ್ಗೆರೆಯ ತೋಟವೊಂದರಲ್ಲಿ ದೀರ್ಘ ಕಾಲ ತಪಸ್ಸು ಮಾಡಿದ್ದರಿಂದ, ತೋಂಟದ ಸಿದ್ಧಲಿಂಗರೆಂಬ ಹೆಸರೇ ನಿಂತಿತೆಂದು ಸಂಪ್ರದಾಯ ಹೇಳುತ್ತದೆ. ಸಿದ್ಧಗಂಗೆಯೂ ಇದೇ ಗುರುಪರಂಪರೆಗೆ ಸೇರಿದ ಕ್ಷೇತ್ರ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಕಾಡಸಿದ್ಧೇಶ್ವರ ಮಠ, ಕೆರೆಗೋಡಿ-ರಂಗಾಪುರದ ಮಠ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕುಪ್ಪೂರು ಗದ್ದಿಗೆ ಮಠಗಳ ಹೆಸರುಗಳನ್ನೂ ಸೇರಿಸಿದರೆ, ಈ ಸೀಮೆಯ ಯಾವ ಹಳ್ಳಿಯ ರೈತನಿಗೂ ಮಠಕ್ಕೆ ದವಸ ಕಳುಹಿಸುವುದು ಹೊಸ ಸಂಗತಿಯಾಗಿರಲಿಲ್ಲವೆಂಬುದು ಮನದಟ್ಟಾಗುತ್ತದೆ.

ಆದರೆ ಹೊರಗಿನ ಮಕ್ಕಳನ್ನು ವರ್ಷವಿಡೀ ಇರಿಸಿಕೊಂಡು ಆಧುನಿಕ ಪಾಠ ಹೇಳಿಸುವ ಶಾಲೆಯನ್ನು ಈ ಭಾಗ ಮೊದಲು ಕಂಡದ್ದು ಕ್ರೈಸ್ತ ಮಿಷನ್ನಿನ ಮೂಲಕ. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದರು. ಕನ್ನಡ ವ್ಯಾಕರಣವೊಂದನ್ನು ಬರೆದ ಥಾಮಸ್ ಹಾಡ್ಸನ್ ಅವರು ಅದರ ಆರಂಭದ ಪಾದ್ರಿ. 1876-78ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಎಷ್ಟು ನಲುಗಿತೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ತಬ್ಬಲಿಗಳಾಗಿ ಉಳಿದ ಮಕ್ಕಳಿಗಾಗಿ ಈ ಮಿಷನ್ನು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ತೆರೆದು, ಓದು ಬರಹದ ಜೊತೆಗೆ ಕೈಕಸುಬನ್ನೂ ಕಲಿಸಿತು. ಹಸಿದ ಮಗುವಿಗೆ ಊಟವನ್ನೂ ಪಾಠವನ್ನೂ ಒಂದೇ ಸೂರಿನಡಿ ಕೊಡುವ ಈ ಏರ್ಪಾಡು ನಿಸ್ಸಂದೇಹವಾಗಿ ದೊಡ್ಡ ಕೆಲಸ. ಆದರೂ ಅಂಥ ಶಾಲೆಯ ಒಲೆ ಉರಿಯುತ್ತಿದ್ದದ್ದು ಬಹುಮಟ್ಟಿಗೆ ಕಡಲಾಚೆಯ ಚಂದಾದಾರರ ಹಣದಿಂದ. ಸುತ್ತಲ ಹಳ್ಳಿಯ ಕಣಕ್ಕೂ ಅದರ ಉಗ್ರಾಣಕ್ಕೂ ನೇರ ಸಂಬಂಧ ಕಡಿಮೆ. ಮಠದ ಪ್ರಸಾದನಿಲಯ ಬೇರೆಯಾಗುವುದು ಇಲ್ಲಿಯೇ.

ಸಿದ್ಧಗಂಗೆಯಲ್ಲಿ ಅನ್ನದಾಸೋಹ ಮೊದಲೇ ಇತ್ತು. ಅಟವೀ ಸ್ವಾಮಿಗಳು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲವೆಂಬುದು ಭಕ್ತರ ನಂಬಿಕೆ. ಅವರ ನಂತರ ಪೀಠದಲ್ಲಿದ್ದ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದಾಗ ಅನ್ನದ ಪಂಕ್ತಿಯ ಪಕ್ಕದಲ್ಲಿ ಅಕ್ಷರದ ಪಂಕ್ತಿಯೂ ಸೇರಿತು. ಅದು ಸಂಸ್ಥಾನದಲ್ಲಿ ಹಿಂದುಳಿದ ಸಮುದಾಯಗಳು ಶಿಕ್ಷಣಕ್ಕೂ ಸರ್ಕಾರಿ ಹುದ್ದೆಗಳಿಗೂ ದನಿ ಎತ್ತುತ್ತಿದ್ದ ಕಾಲ; ಮರುವರ್ಷವೇ, ಅಂದರೆ 1918ರಲ್ಲಿ, ಆ ಬೇಡಿಕೆಯನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಪಟ್ಟಣದ ಹೈಸ್ಕೂಲಿಗೆ ಬರುವ ಹಳ್ಳಿಯ ಹುಡುಗನಿಗೆ ತಂಗಲು ಜಾಗ ಬೇಕೆಂಬ ಅರಿವು ಆಗ ಎಲ್ಲೆಡೆ ಮೂಡುತ್ತಿತ್ತು. ಗುಬ್ಬಿಯ ವರ್ತಕರಾದ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಕಟ್ಟಿಸಿ, 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡ ಛತ್ರ ಮತ್ತು ವಿದ್ಯಾರ್ಥಿನಿಲಯ ಈ ಅರಿವಿನ ಫಲವೇ. ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಎಂಬ ಹುಡುಗ ನಾಗವಲ್ಲಿಯಲ್ಲೂ ತುಮಕೂರಿನಲ್ಲೂ ಓದಿ, ಕೆಲಕಾಲ ಸಿದ್ಧಗಂಗೆಯ ಆಶ್ರಯದಲ್ಲೂ ಇದ್ದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ತಂಗಿದ್ದು ಇದೇ ತೋಟದಪ್ಪನವರ ನಿಲಯದಲ್ಲಿ. ಮಠದ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು 1930ರ ಜನವರಿಯಲ್ಲಿ ತೀರಿಕೊಂಡಾಗ ಆ ಸ್ಥಾನಕ್ಕೆ ಆಯ್ಕೆಯಾದವರು ಈ ಶಿವಣ್ಣನವರೇ. 1930ರ ಮಾರ್ಚ್ 3ರಂದು ದೀಕ್ಷೆ ಪಡೆದು ಶಿವಕುಮಾರ ಸ್ವಾಮಿಗಳಾದರು, 1941ರಲ್ಲಿ ಮಠಾಧ್ಯಕ್ಷರಾದರು. ಉಚಿತ ನಿಲಯದಲ್ಲಿ ಉಂಡು ಓದಿದ ವಿದ್ಯಾರ್ಥಿಯೊಬ್ಬರು ಮುಂದೆ ನಾಡಿನ ಅತಿ ದೊಡ್ಡ ಉಚಿತ ನಿಲಯವನ್ನು ಕಟ್ಟಿದರೆಂಬುದು ಈ ಸಂಸ್ಥೆಯ ಸ್ವಭಾವವನ್ನು ಅರಿಯಲು ಬಹುಮುಖ್ಯವಾದ ಸಂಗತಿ.

ಪ್ರಸಾದನಿಲಯದ ವರ್ಷ ಜೂನ್ ತಿಂಗಳಿಂದ, ಮೃಗಶಿರ ಮಳೆಯ ದಿನಗಳಿಂದ ಮೊದಲಾಗುತ್ತದೆ. ತೆಂಗಿನ ಸೀಮೆಯಲ್ಲಿ ಇದು ಮುಂಗಾರಿನ ಹೆಸರುಕಾಳು ಹೊಲದಲ್ಲಿರುವ, ಹಿಂದಿನ ವರ್ಷದ ರಾಗಿ ತಳ ಕಾಣತೊಡಗಿರುವ ಕಾಲ. ರಾಗಿಗೆ ಹುಳು ಹಿಡಿಯುವುದು ಕಡಿಮೆಯಾದ್ದರಿಂದ ಉಳ್ಳವರು ಅದನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿ ಬಾಯಿ ಮುಚ್ಚಿದ ಕಣಜದಲ್ಲಿ, ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತಿದ್ದರು. ಹಗೇವಿಲ್ಲದ ಮನೆಗಳಿಗೆ ಮಾತ್ರ ಜೂನ್‌ನಿಂದ ನವೆಂಬರಿನವರೆಗಿನ ತಿಂಗಳುಗಳು ಕಷ್ಟದವೇ. ಇಂಥ ಮನೆಯ ತಂದೆತಾಯಿಯರು ಮಗನ ಕೈಗೆ ತಗಡಿನ ಟ್ರಂಕು, ತಟ್ಟೆ, ಲೋಟ ಕೊಟ್ಟು ಮಠದ ಅಂಗಳಕ್ಕೆ ಕರೆತರುತ್ತಿದ್ದರು. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ 1889ರ ಹೊತ್ತಿಗೆ ಹರಿಹರ ಮುಟ್ಟಿದ್ದ ರೈಲು ದಾರಿ ಕ್ಯಾತ್ಸಂದ್ರದ ಮೇಲೆಯೇ ಹಾದು ಹೋಗುವುದರಿಂದ, ಹಾದಿಯಲ್ಲಿನ ಊರುಗಳ ಮಕ್ಕಳಿಗೆ ಮಠ ದೂರವೆನಿಸಲಿಲ್ಲ. ಮುಂದೆ ರಾಯಚೂರು, ಕಲಬುರಗಿ, ವಿಜಯಪುರಗಳ ಕಡೆಯ ಮಕ್ಕಳೂ ಬಂದರು. ಬಂದವರ ಜಾತಿಯನ್ನು ಕೇಳಿ ಕಳುಹಿಸುವ ಪದ್ಧತಿ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಉಳಿಯಲಿಲ್ಲ. ಒಂದೊಂದು ಸಮುದಾಯ ತನ್ನ ಮಕ್ಕಳಿಗೆ ತನ್ನದೇ ಹಾಸ್ಟೆಲು ಕಟ್ಟಿಕೊಳ್ಳುತ್ತಿದ್ದ ಯುಗದಲ್ಲಿ ಎಲ್ಲ ಜಾತಿಗಳ, ಮುಸ್ಲಿಮರೂ ಸೇರಿದಂತೆ ಎಲ್ಲ ಮತಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದು, ಒಂದೇ ತರಗತಿಯಲ್ಲಿ ಸಂಸ್ಕೃತ ಕಲಿತದ್ದು ಸಣ್ಣ ಮಾತಲ್ಲ. ಹೊಯ್ಸಳರ ಕಾಲದಲ್ಲಿ ತುರುವೇಕೆರೆ ಒಂದು ಅಗ್ರಹಾರವಾಗಿತ್ತು, ಅಂದರೆ ವೇದಶಾಸ್ತ್ರಗಳ ಅಧ್ಯಯನಕ್ಕಾಗಿ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರಾಗಿತ್ತು. ಆ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ನೆನೆದರೆ ಈ ಪಂಕ್ತಿಯ ಬೆಲೆ ತಿಳಿಯುತ್ತದೆ.

ದಿನಚರಿ ಬೆಳಗಿನ ಜಾವ ಐದರ ಸುಮಾರಿಗೆ ಶುರುವಾಗುತ್ತದೆ. ಮಠದ ಮುಂದಿನ ಬಯಲಿನಲ್ಲಿ ಬೆಳಿಗ್ಗೆ ಮತ್ತು ಸಂಜೆ ನಡೆಯುವ ಸಾಮೂಹಿಕ ಪ್ರಾರ್ಥನೆ, ಅದರಲ್ಲಿ ವಚನಗಳ ಗಾಯನ, ಮಕ್ಕಳೇ ಪೊರಕೆ ಹಿಡಿದು ಮಾಡುವ ನೈರ್ಮಲ್ಯದ ಕೆಲಸ, ಸರದಿಯ ಮೇಲೆ ಬಡಿಸುವ ಕಾಯಕ ಇವೆಲ್ಲ ಪಾಠದಷ್ಟೇ ಮುಖ್ಯವೆಂದು ಎಣಿಸಲಾಗಿತ್ತು. ಸ್ವಾಮಿಗಳು ತಾವೇ ಇಂಗ್ಲಿಷ್ ಮತ್ತು ಸಂಸ್ಕೃತ ಪಾಠಗಳನ್ನು ಹೇಳುತ್ತಿದ್ದರು. ಊಟದ ಮಾತು ಬಂದಾಗ ರಾಗಿಮುದ್ದೆಯೇ ಮೊದಲು: ದೊಡ್ಡ ಹಂಡೆಗಳಲ್ಲಿ ಎಸರು ಕುದಿಸಿ, ಹಿಟ್ಟು ಸುರಿದು, ಉದ್ದನೆಯ ಕೋಲುಗಳಿಂದ ತೊಳಸಿ ಮುದ್ದೆ ಕಟ್ಟುವುದು ಸಾವಿರಾರು ಮಕ್ಕಳಿಗೆಂದರೆ ಪ್ರತಿದಿನವೂ ಒಂದು ಸಣ್ಣ ಜಾತ್ರೆಯಷ್ಟೇ ದೊಡ್ಡ ದುಡಿಮೆ. 21ನೆಯ ಶತಮಾನದ ಆರಂಭದ ದಶಕಗಳಲ್ಲಿ ಇಲ್ಲಿದ್ದ ಮಕ್ಕಳ ಸಂಖ್ಯೆ ಸುಮಾರು ಎಂಟೊಂಬತ್ತು ಸಾವಿರ.

ಆರಿದ್ರೆಯಿಂದ ಉತ್ತರೆಯವರೆಗಿನ ಮಳೆಗಳಲ್ಲಿ, ಶ್ರಾವಣ ಭಾದ್ರಪದಗಳಲ್ಲಿ, ಶಾಲೆಯ ಪಾಠ ಬಿರುಸಾಗಿ ಸಾಗುತ್ತಿದ್ದರೆ ಉಗ್ರಾಣ ಬರಿದಾಗುತ್ತ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅದರ ನಂತರದ ವರ್ಷಗಳಲ್ಲೂ ರೇಷನ್ ಮತ್ತು ಲೆವಿ, ಅಂದರೆ ರೈತನು ಬೆಳೆದುದರಲ್ಲಿ ಇಂತಿಷ್ಟನ್ನು ಸರ್ಕಾರಕ್ಕೆ ಕಡ್ಡಾಯವಾಗಿ ಅಳೆಯಬೇಕೆಂಬ ನಿಯಮ, ಜಾರಿಯಲ್ಲಿದ್ದು ದವಸದ ಓಡಾಟವೇ ಬಿಗಿಯಾಗಿತ್ತು. ಆಗಷ್ಟೇ ಮಠದ ಹೊಣೆ ಹೊತ್ತಿದ್ದ ಸ್ವಾಮಿಗಳಿಗೆ ಅದು ಕಠಿಣ ಪರೀಕ್ಷೆಯ ಕಾಲ.

ವರ್ಷದ ತಿರುವು ಬರುತ್ತಿದ್ದದ್ದು ಕಾರ್ತಿಕದಲ್ಲಿ. ಪುನರ್ವಸು, ಪುಷ್ಯ ಮಳೆಗಳಿಗೆ ಬಿತ್ತಿದ ರಾಗಿ ಕಾರ್ತಿಕ-ಮಾರ್ಗಶಿರಗಳಲ್ಲಿ ಕೊಯ್ಲಾಗಿ, ಮೆದೆಯಾಗಿ ಒಟ್ಟಲ್ಪಟ್ಟು, ಪುಷ್ಯ ಮಾಸದ ಸಂಕ್ರಾಂತಿಯ ಆಸುಪಾಸಿನಲ್ಲಿ ಕಣಕ್ಕೆ ಬರುತ್ತಿತ್ತು. ಕಣವೆಂದರೆ ನೆಲವನ್ನು ಕೆತ್ತಿ, ಸಗಣಿ ಸಾರಿಸಿ ಗಟ್ಟಿಮಾಡಿದ ಒಕ್ಕಣೆಯ ಜಾಗ. ಅಲ್ಲಿ ತೆನೆಯ ಮೇಲೆ ಕಲ್ಲಿನ ಗುಂಡು ಉರುಳಿಸಿ, ತೂರಿ, ರಾಶಿ ಮಾಡಿ, ರಾಶಿಪೂಜೆ ಮುಗಿಸಿದ ಮೇಲೆ ಧಾನ್ಯ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ವರ್ಷವಿಡೀ ಊರಿಗಾಗಿ ದುಡಿದ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ ಮೊದಲಾದವರಿಗೆ, ಜೊತೆಗೆ ಜಂಗಮರಿಗೆ, ರಾಶಿಯಿಂದಲೇ ಅವರವರ ಪಾಲನ್ನು ಅಳೆದುಕೊಡುವ ಪದ್ಧತಿಯಿತ್ತು. ಈ ಪಾಲಿಗೆ ಆಯವೆಂದೂ, ಪಡೆಯುವವರಿಗೆ ಆಯಗಾರರೆಂದೂ ಹೆಸರು. ಕೊಡುವುದು ಕೃಪೆಯಲ್ಲ, ಪಡೆಯುವುದು ಹಕ್ಕು ಎಂಬ ಭಾವನೆ ಇದರಲ್ಲಿ ಸ್ಪಷ್ಟವಾಗಿತ್ತು. ಆ ಹಕ್ಕಿನೊಳಗೆ ಜಾತಿಯ ಮೇಲುಕೀಳುಗಳೂ ಅಷ್ಟೇ ಗಟ್ಟಿಯಾಗಿ ಅಳತೆಗೊಂಡಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಸುಗ್ಗಿಯ ದಿನಗಳಲ್ಲಿ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ಭಿಕ್ಷೆಗೆ ಹೊರಡುತ್ತಿದ್ದದ್ದನ್ನು ಈ ಹಳೆಯ ಆಯದ ಪದ್ಧತಿಯ ಬೆಳಕಿನಲ್ಲಿ ನೋಡುವುದು ಉಚಿತ. ರೈತನು ತನ್ನ ರಾಶಿಯಿಂದ ತೆಗೆದಿಡುತ್ತಿದ್ದ ಮೊರದಷ್ಟು ರಾಗಿಗೆ ಈಗ ಒಬ್ಬ ಹೊಸ ಹಕ್ಕುದಾರ ಸೇರಿಕೊಂಡಿದ್ದ: ಆತ ಊರಿನವನಲ್ಲ, ಯಾವ ಕಸುಬಿನವನೂ ಅಲ್ಲ, ಎಲ್ಲೋ ಬೆಟ್ಟದ ಬುಡದಲ್ಲಿ ಓದುತ್ತ ಕುಳಿತಿದ್ದ ಹೆಸರು ಗೊತ್ತಿಲ್ಲದ ಹುಡುಗ. ಆಯದ ಪಟ್ಟಿಗೆ ವಿದ್ಯಾರ್ಥಿಯನ್ನು ಸೇರಿಸಿದ್ದು ಈ ಮಠದ ಬಹುದೊಡ್ಡ ಸಾಧನೆಯೆಂದು ಹೇಳಿದರೆ ಅತಿಶಯವಾಗದು. ಮಕ್ಕಳು ಹಳ್ಳಿಯಿಂದ ಮಠಕ್ಕೆ ಬರುವುದೂ, ರಾಗಿ ಅದೇ ದಾರಿಯಲ್ಲಿ ಗಾಡಿಗಳ ಮೇಲೆ ಬರುವುದೂ ಒಂದೇ ಸಂಬಂಧದ ಎರಡು ಮುಖಗಳಾಗಿದ್ದುದರಿಂದ, ಎಷ್ಟೋ ಹುಡುಗರು ತಟ್ಟೆಯಲ್ಲಿ ಮುರಿದ ಮುದ್ದೆ ಅವರವರ ಸೀಮೆಯ ಕಣದ್ದೇ ಆಗಿರುತ್ತಿತ್ತು.

ಮಠದ ಇತಿಹಾಸದ ದೊಡ್ಡ ಅಗಲಿಕೆಗಳೂ ಈ ಸುಗ್ಗಿಯ ತಿಂಗಳಲ್ಲೇ ಬಂದವು. ಮರುಳಾರಾಧ್ಯರು 1930ರ ಜನವರಿಯಲ್ಲಿ, ಉದ್ದಾನ ಶಿವಯೋಗಿಗಳು 1941ರ ಜನವರಿಯಲ್ಲಿ, ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಕೊನೆಯದು ಸಂಭವಿಸಿದ ದಿನ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿಯುವವರೆಗೆ ಸುದ್ದಿಯನ್ನು ಹೊರಗೆ ಹೇಳಬಾರದೆಂಬುದು ಸ್ವಾಮಿಗಳ ಇಚ್ಛೆಯಾಗಿತ್ತೆಂದು ವರದಿಯಾಯಿತು. ಬೆಳಿಗ್ಗೆ ಹನ್ನೊಂದೂಮುಕ್ಕಾಲರ ಸುಮಾರಿಗೆ ಉಸಿರು ನಿಂತಿದ್ದರೂ ಪ್ರಕಟಣೆ ಬಂದದ್ದು ಮಕ್ಕಳು ಉಂಡ ಮೇಲೆ. ಆ ದಿನವನ್ನು 2022ರಿಂದ ರಾಜ್ಯ ಸರ್ಕಾರ ದಾಸೋಹ ದಿನವೆಂದು ಆಚರಿಸುತ್ತಿದೆ.

ರಾಗಿ ಹೊಟ್ಟೆಯನ್ನು ತುಂಬಿದರೆ ತೆಂಗು ನಿಲಯದ ಮಿಕ್ಕೆಲ್ಲ ಮೂಲೆಗಳಲ್ಲೂ ಇತ್ತು. ಸಾರಿಗೆ ರುಬ್ಬುವ ಕಾಯಿ, ತಲೆಗೆ ಹಚ್ಚುವ ಎಣ್ಣೆ, ಗರಿಯ ಕಡ್ಡಿಯ ಪೊರಕೆ, ಜಾತ್ರೆಯ ಚಪ್ಪರಕ್ಕೆ ಸೋಗೆ, ಒಲೆಗೆ ಮಟ್ಟೆ ಮತ್ತು ಕರಟ, ದನಕ್ಕೆ ನಾರಿನ ಹಗ್ಗ ಹೀಗೆ ಮರದ ಯಾವ ಭಾಗವೂ ವ್ಯರ್ಥವಾಗದಿರುವುದು ಈ ಸೀಮೆಯ ಮನೆಗಳಂತೆಯೇ ಮಠದಲ್ಲೂ ನಡೆದು ಬಂದ ರೂಢಿ. ತಿಪಟೂರಿನ ಹೆಸರನ್ನು ದೇಶಕ್ಕೆ ತಿಳಿಸಿದ ಉಂಡೆ ಕೊಬ್ಬರಿಯ ವಿಷಯ ಸ್ವಲ್ಪ ಬೇರೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಸದ್ದು ಮಾಡುವ ಇಡೀ ಗಿಟುಕಾಗುತ್ತದೆ. ಬಿಸಿಲಿಗೆ ಒಡ್ಡಿ ಒಣಗಿಸುವ ಹೋಳು ಕೊಬ್ಬರಿಗಿಂತ ಇದರ ರುಚಿಯೂ ಬಾಳಿಕೆಯೂ ಹೆಚ್ಚು. ಅಂದರೆ ರೈತನ ನಗದು ಹಣ ಒಂದು ವರ್ಷ ಅಟ್ಟದ ಕತ್ತಲೆಯಲ್ಲಿ ಕಾಯುತ್ತಿತ್ತು. ಮಠದ ಕಟ್ಟಡಕ್ಕೆ, ಪುಸ್ತಕಕ್ಕೆ, ಬಟ್ಟೆಗೆ ಬೇಕಾದ ಕಾಣಿಕೆ ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯೊಂದಿಗೆ ಏರಿಳಿಯುತ್ತಿದ್ದದ್ದು ಹೀಗಾಗಿ ಸಹಜ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ರೋಗ ತಗುಲಿ ಕಾಯಿಗಳು ಸುರುಟಿ ಸಣ್ಣದಾದಾಗಲೂ, 2010ರ ದಶಕದ ಸತತ ಬರಗಳಲ್ಲಿ ಕೊಳವೆಬಾವಿಗಳು ಬತ್ತಿ ಹಳೆಯ ಮರಗಳು ಸುಳಿ ಒಣಗಿ ನಿಂತಾಗಲೂ ಈ ಸೀಮೆಯ ಕೊಡುವ ಕೈ ಸೋತಿತು. ಅದೇ ವೇಳೆಗೆ ಬೇಡುವ ಕೈಗಳು ಹೆಚ್ಚಿದವು. ಬರವು ಪ್ರಸಾದನಿಲಯವನ್ನು ಎರಡೂ ಕಡೆಯಿಂದ ಹಿಂಡುತ್ತದೆ ಎಂಬುದು ಅದರ ವರ್ಷಚಕ್ರದ ಅತ್ಯಂತ ನೋವಿನ ಸತ್ಯ.

ಮಾಘ ಬಹುಳದ ಶಿವರಾತ್ರಿಯ ಆಸುಪಾಸಿಗೆ ಜಾತ್ರೆ. ಒಕ್ಕಣೆ ಮುಗಿದು, ಎತ್ತುಗಳಿಗೆ ಬಿಡುವು ಸಿಕ್ಕು, ರೈತನ ಕೈಯಲ್ಲಿ ಒಂದಿಷ್ಟು ಹಣವಿರುವ ಈ ಹೊತ್ತಿನಲ್ಲಿ ಮಠದ ಸುತ್ತಲ ಬಯಲು ದನಗಳ ಪರಿಷೆಯಾಗುತ್ತದೆ. ಪರಿಷೆಯೆಂದರೆ ಜಾತ್ರೆಯೊಂದಿಗೆ ಸೇರಿದ ದನಗಳ ಸಂತೆ. ಹಳ್ಳಿಕಾರ್ ಎತ್ತುಗಳು ಇದರ ಹೆಮ್ಮೆ. ಮೈಸೂರು ಅರಸರ ಅಮೃತಮಹಲ್ ತಳಿಯ ರಕ್ಷಣೆಗೆಂದು ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಕಾವಲು, ಅಂದರೆ ಮೀಸಲು ಹುಲ್ಲುಗಾವಲು, ಇರುವ ಸೀಮೆಯವರಿಗೆ ಒಳ್ಳೆಯ ರಾಸುಗಳ ಮೇಲಿನ ಪ್ರೀತಿಯನ್ನು ಯಾರೂ ಕಲಿಸಬೇಕಾಗಿಲ್ಲ. ಹಗ್ಗ, ಮೂಗುದಾರ, ಗೆಜ್ಜೆ, ಚಿಕ್ಕನಾಯಕನಹಳ್ಳಿಯ ಕಡೆ ಕುರುಬರು ನೇಯುವಂಥ ಕಂಬಳಿ ಇಂಥವೆಲ್ಲ ಪರಿಷೆಯ ಸರಕು. ಇದರೊಡನೆ ಮಠವು ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವನ್ನೂ ಸೇರಿಸಿದ್ದು ದೂರದೃಷ್ಟಿಯ ಕೆಲಸ: ಹರಕೆ ತೀರಿಸಲು ಬಂದ ರೈತ ಹೊಸ ಬೀಜವನ್ನೂ ಯಂತ್ರವನ್ನೂ ಕಂಡು ಹೋದ, ಬಂದವನು ನಿಲಯದಲ್ಲಿದ್ದ ಮಗನನ್ನೂ ನೋಡಿ ಹೋದ. ಮಕ್ಕಳಿಗಂತೂ ಈ ದಿನಗಳು ಮನೆಯೇ ಮಠಕ್ಕೆ ಬಂದಂತೆ.

ಜಾತ್ರೆಯ ಧೂಳು ಇಳಿಯುವ ಮೊದಲೇ ಪರೀಕ್ಷೆಯ ದಿನಗಳು ಸಮೀಪಿಸುತ್ತವೆ. ಇಲ್ಲಿಂದ ಉತ್ತೀರ್ಣರಾಗಿ ಹೋದ ಹುಡುಗರು ಮೇಷ್ಟರು, ಗುಮಾಸ್ತರು, ಎಂಜಿನಿಯರುಗಳಾಗಿ ನಾಡಿನಾದ್ಯಂತ ಹರಡಿದರು. ಮಠವು 1963ರಲ್ಲಿ ತುಮಕೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ, ಹಳ್ಳಿಹೋಬಳಿಗಳಲ್ಲಿ ಹೈಸ್ಕೂಲುಗಳನ್ನೂ ತೆರೆದ ಮೇಲೆ ಆ ದಾರಿ ಇನ್ನಷ್ಟು ಅಗಲವಾಯಿತು. ಆದರೆ ಈ ಪ್ರಸಾದನಿಲಯ ಮುಖ್ಯವಾಗಿ ಗಂಡುಮಕ್ಕಳದಾಗಿಯೇ ಬೆಳೆಯಿತು. ಟ್ರಂಕು ಹಿಡಿದು ಹೊರಟ ಅಣ್ಣನ ತಂಗಿ ಹಿತ್ತಿಲಲ್ಲಿ ನಾರು ಹೊಸೆಯುತ್ತ, ಕೊಬ್ಬರಿ ಆರಿಸುತ್ತ ಉಳಿದಳು. ಆಕೆ ಬೀಸಿದ ಹಿಟ್ಟು, ಆಕೆ ತೂರಿದ ರಾಗಿ ಅಣ್ಣನ ಓದಿಗೆ ಸಂದಿತು. ಈ ಸೀಮೆಯ ಶಿಕ್ಷಣದ ಚರಿತ್ರೆಯಲ್ಲಿ ಅವಳ ಪಾಲಿನ ಲೆಕ್ಕ ಇನ್ನೂ ಬರೆಯಬೇಕಾಗಿದೆ.

ಮುಂದಿನ ದಶಕಗಳಲ್ಲಿ ಸರ್ಕಾರವೂ ಈ ಹಾದಿಗೆ ಬಂದಿತು. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು, 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು. ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡುವ ಯೋಜನೆ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದಾಗ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಮಠದ ಅಡುಗೆಮನೆಯ ಪದವೊಂದು ಸರ್ಕಾರಿ ಆದೇಶಕ್ಕೆ ಏರಿತು. ಇಷ್ಟೆಲ್ಲ ಆದ ಮೇಲೂ ಪ್ರತಿ ಜೂನ್‌ನಲ್ಲಿ ಕ್ಯಾತ್ಸಂದ್ರದ ಅಂಗಳದ ಸಾಲು ಕರಗಲಿಲ್ಲ.

ಬೇಸಿಗೆ ರಜೆಗೆ ನಿಲಯದ ಸಾಲುಮನೆಗಳು ಖಾಲಿಯಾಗುತ್ತವೆ. ಹೋಗಲು ಮನೆಯಿಲ್ಲದ ಕೆಲವು ಮಕ್ಕಳಿಗಾಗಿ, ದಾರಿಹೋಕ ಭಕ್ತರಿಗಾಗಿ ಒಲೆ ಮಾತ್ರ ಉರಿಯುತ್ತಲೇ ಇರುತ್ತದೆ. ಊರು ಸೇರಿದ ಹುಡುಗರು ಅಪ್ಪನ ಜೊತೆ ತೋಟಕ್ಕೆ ಮಣ್ಣು ಹೊಡೆಯುತ್ತಾರೆ, ಭರಣಿ ಕೃತ್ತಿಕೆಯ ಮಳೆಗೆ ಹೆಸರು ಬಿತ್ತುವಾಗ ನೇಗಿಲ ಹಿಂದೆ ನಡೆಯುತ್ತಾರೆ. ಮೇ ತಿಂಗಳ ಕೊನೆಗೆ ಹೋದ ವರ್ಷದ ಕಾಯಿ ಅಟ್ಟದಿಂದ ಇಳಿಯುತ್ತದೆ. ಮನೆಮಂದಿಯೆಲ್ಲ ಕುಳಿತು ಸುಲಿದು, ಕರಟ ಒಡೆದು, ಚೀಲ ತುಂಬಿದ ಕೊಬ್ಬರಿ ತಿಪಟೂರಿನ ಮಂಡಿ ಸೇರುತ್ತದೆ, ಮತ್ತು ಆ ಹಣದಲ್ಲಿ ಬಿತ್ತನೆಯ ಖರ್ಚು ಕಳೆದು ಉಳಿದದ್ದರಲ್ಲಿ ಸಂತೆಯಿಂದ ತಮ್ಮನಿಗೂ ಒಂದು ತಗಡಿನ ಟ್ರಂಕು ಬರುತ್ತದೆ.